ಹಕ್ಕಿಮನೆಯ ಮಡಕೆ ಇಳಿಸೋಣ

ಮೂರು ವರ್ಷದ ಹಿಂದೆ, ಯುಗಾದಿ ಕಳೆದ ಮರುವಾರ, ನಮ್ಮ ತಾರಸಿಯ ಹಕ್ಕಿಮನೆಯಿಂದ ಮಡಕೆಗಳನ್ನೆಲ್ಲ ಕೆಳಗಿಳಿಸಿದೆ. ಚೊಂಬಿನ ಗಾತ್ರದ ಹದಿನಾಲ್ಕು ಮಣ್ಣಿನ ಮಡಕೆಗಳು. ಒಂದೊಂದರ ಹೊಟ್ಟೆಗೂ ಎರಡು ಬೆರಳಗಲದ ತೂತು, ಕುತ್ತಿಗೆಗೆ ತುಕ್ಕು ಹಿಡಿದ ತಂತಿ. ಜೊತೆಗೆ ಕಾಕಟೀಲ್ ಗಿಳಿಗಳಿಗೆಂದು ಬಡಗಿಯ ಕೈಲಿ ಮಾಡಿಸಿದ್ದ ನಾಲ್ಕು ಮರದ ಪೆಟ್ಟಿಗೆ. ಇಪ್ಪತ್ತು ವರ್ಷ ಹಕ್ಕಿ ಸಾಕಿದವನು ನಾನು. ಮರಿ ಮಾಡಿಸಿದ್ದೇನೆ, ಕೊಟ್ಟಿದ್ದೇನೆ, ಕೆಲವನ್ನು ಮಾರಿಯೂ ಇದ್ದೇನೆ. ಆದ್ದರಿಂದ ಇದು ಹೊರಗೆ ನಿಂತವನ ಮಾತಲ್ಲ. ನನ್ನಂತೆಯೇ ಹಕ್ಕಿ ಸಾಕುವ ಗೆಳೆಯರಿಗೆ ಸಿಟ್ಟು ಬಂದರೂ ಹೇಳಲೇಬೇಕಾದ ಮಾತು: ಮನೆಯಲ್ಲಿ ಗಿಳಿಗಳಿಗೆ ಮರಿ ಮಾಡಿಸುವುದನ್ನು ನಾವು ನಿಲ್ಲಿಸಬೇಕು. ಈಗಾಗಲೇ ನಮ್ಮ ಕೈಯಲ್ಲಿರುವ ಹಕ್ಕಿಯನ್ನು ಅದು ಸಾಯುವ ತನಕ ಚೆನ್ನಾಗಿ ನೋಡಿಕೊಳ್ಳಬೇಕು. ಹೊಸದನ್ನು ಹುಟ್ಟಿಸಬಾರದು.

ಮಡಕೆ ಏನು ಮಾಡುತ್ತದೆ ಎನ್ನುವುದು ಸಾಕದವರಿಗೆ ಗೊತ್ತಿರಲಾರದು. ನಮ್ಮೂರುಗಳಲ್ಲಿ ಲವ್ ಬರ್ಡ್ಸ್ ಎಂದು ಕರೆಸಿಕೊಳ್ಳುವ ಹಕ್ಕಿ ನಿಜಕ್ಕೂ ಬಡ್ಜಿ, ಆಸ್ಟ್ರೇಲಿಯಾದ ಒಣನೆಲದ ಪುಟ್ಟ ಗಿಳಿ. ಅಲ್ಲಿ ಮಳೆ ಬಿದ್ದು ಹುಲ್ಲು ಬೀಜ ಕಟ್ಟಿದಾಗ, ಮರದಲ್ಲಿ ಪೊಟರೆ ಸಿಕ್ಕಾಗ ಅದು ಮೊಟ್ಟೆ ಇಡುತ್ತದೆ. ಮಳೆ ಕೈಕೊಟ್ಟ ವರ್ಷ ಸುಮ್ಮನಿರುತ್ತದೆ. ನಮ್ಮ ಹಕ್ಕಿಮನೆಯಲ್ಲಿ ನವಣೆಗೆ ಬರವಿಲ್ಲ, ನೀರಿಗೆ ಬರವಿಲ್ಲ, ಪೊಟರೆಯ ಜಾಗದಲ್ಲಿ ಮಡಕೆ ತೂಗುತ್ತಿದೆ. ಅದರ ಮೈ ವರ್ಷವಿಡೀ ಸುಗ್ಗಿಯೆಂದೇ ತಿಳಿಯುತ್ತದೆ. ನಾಲ್ಕರಿಂದ ಆರು ಮೊಟ್ಟೆ, 18 ದಿನ ಕಾವು, ಐದು ವಾರಕ್ಕೆ ಮರಿ ಹೊರಗೆ. ಕೊನೆಯ ಮರಿ ಮಡಕೆ ಬಿಡುವ ಮೊದಲೇ ಎಷ್ಟೋ ಸಲ ತಾಯಿ ಮತ್ತೆ ಮೊಟ್ಟೆಗೆ ಕೂತಿರುತ್ತದೆ. ಮೈಯಲ್ಲಿದ್ದ ಸುಣ್ಣದ ಅಂಶವೆಲ್ಲ ಚಿಪ್ಪಿಗೇ ಹೋಗಿ, ಒಂದು ದಿನ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ. ಆಗ ಆ ಹಕ್ಕಿ ನೆಲದ ಮೂಲೆಯಲ್ಲಿ ಪುಕ್ಕ ಉಬ್ಬಿಸಿಕೊಂಡು, ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಾ ಉಸಿರಿಗಾಗಿ ಒದ್ದಾಡುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ನಾನು ನೋಡಿದ್ದೇನೆ. ಅದಕ್ಕೆ ಮುಂಚೆ ಅದೇ ಹಕ್ಕಿಯನ್ನು ತೋರಿಸಿ ‘ಒಳ್ಳೆ ಬ್ರೀಡಿಂಗ್ ಪೇರ್’ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದೆ.

ಈಗ ಊರೂರಲ್ಲಿ ನಡೆಯುತ್ತಿರುವ ವಾದ ಬೇರೆ. ಒಂದು ಕಡೆ ಪ್ರಾಣಿದಯೆಯವರು, ಹಕ್ಕಿಯನ್ನು ಪಂಜರದಲ್ಲಿಡುವುದೇ ಪಾಪ, ಬಾಗಿಲು ತೆಗೆಯಿರಿ ಎನ್ನುತ್ತಾರೆ. ಇನ್ನೊಂದು ಕಡೆ ಬ್ರೀಡರ್‌ಗಳು, ನಾವು ಕಾಡಿನಿಂದ ಹಿಡಿದಿಲ್ಲ, ಪಂಜರದಲ್ಲೇ ಹುಟ್ಟಿದ ಹಕ್ಕಿಗೆ ಪಂಜರವೇ ಮನೆ, ಇದನ್ನು ಮನೆಯುದ್ಯೋಗವಾಗಿ ಬೆಳೆಸಿ ಎನ್ನುತ್ತಾರೆ. ನಡುವೆ ಸರ್ಕಾರ ಎಣಿಸುತ್ತಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಯಿತು. ಅದರ ಬೆನ್ನಿಗೆ 2024ರ ಫೆಬ್ರವರಿ ಕೊನೆಗೆ ನೋಂದಣಿಯ ನಿಯಮ ಬಂತು: ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ‘ಸೈಟಿಸ್’ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಪಕ್ಷಿ ಯಾರ ಬಳಿ ಇದ್ದರೂ ಆರು ತಿಂಗಳೊಳಗೆ ಸರ್ಕಾರದ ‘ಪರಿವೇಶ್’ ಪೋರ್ಟಲ್‌ನಲ್ಲಿ ದಾಖಲಿಸಬೇಕು. ಗಡುವು ಹತ್ತಿರ ಬಂದಂತೆ ಹಕ್ಕಿ ಸಾಕುವವರ ಫೋನುಗಳಲ್ಲಿ ಇದೇ ಮಾತಾಗಿತ್ತು.

ನಿಯಮ ಬೇಕಿತ್ತು. ಆದರೆ ಅದು ಏನನ್ನು ಎಣಿಸುತ್ತದೆ, ಯಾವುದನ್ನು ಬಿಡುತ್ತದೆ ಎಂದು ನೋಡಿ. ಗಿಳಿ ಜಾತಿಯ ಹಕ್ಕಿಗಳಲ್ಲಿ ನಾಲ್ಕನ್ನು ಬಿಟ್ಟು ಉಳಿದೆಲ್ಲವೂ ಸೈಟಿಸ್ ಪಟ್ಟಿಯಲ್ಲಿವೆ. ಆ ನಾಲ್ಕು ಯಾವುವೆಂದರೆ ಬಡ್ಜಿ, ಕಾಕಟೀಲ್, ಗುಲಾಬಿ ಮುಖದ ಆಫ್ರಿಕದ ಲವ್‌ಬರ್ಡ್ ಮತ್ತು ನಮ್ಮದೇ ಕೊರಳಪಟ್ಟಿಯ ಗಿಳಿ. ಕೊನೆಯದನ್ನು ಸಾಕುವುದು ನಮ್ಮ ದೇಶದ ಕಾಯ್ದೆಯಲ್ಲೇ ಅಪರಾಧ. ಮಿಕ್ಕ ಮೂರೂ ಕರ್ನಾಟಕದ ಮನೆಗಳಲ್ಲಿ ಅತಿ ಹೆಚ್ಚು ಮರಿ ಹಾಕುವ ಹಕ್ಕಿಗಳು, ಪೇಟೆಯಲ್ಲಿ ಬುಟ್ಟಿಗಟ್ಟಲೆ ಮಾರುವ ಹಕ್ಕಿಗಳು. ಅವುಗಳನ್ನು ಯಾರೂ ಎಣಿಸುವುದಿಲ್ಲ. ಒಂದೇ ಪಂಜರದಲ್ಲಿ ಗುಲಾಬಿ ಮುಖದ ಲವ್‌ಬರ್ಡ್ ಮತ್ತು ಫಿಶರ್ಸ್ ಲವ್‌ಬರ್ಡ್ ಕೂತಿದ್ದರೆ ಎರಡನೆಯದಕ್ಕೆ ಮಾತ್ರ ಅರ್ಜಿ. ಮರಿ ಮಾಡಿಸಲು ಪರವಾನಗಿ ಕೇಳುವುದೂ ಸೈಟಿಸ್ ಒಪ್ಪಂದದ ಮೊದಲನೇ ಪಟ್ಟಿಯ ಅತಿ ಅಪರೂಪದ ಪ್ರಭೇದಗಳಿಗೆ ಮಾತ್ರ. ಹಕ್ಕಿ ಹೇಗೆ ಬದುಕಿದೆ, ಎಷ್ಟು ಸಲ ಮೊಟ್ಟೆಗೆ ಕೂತಿತು, ಮರಿಯನ್ನು ಯಾವ ವಯಸ್ಸಿಗೆ ಗೂಡಿನಿಂದ ಎತ್ತಿದರು ಎಂದು ಕೇಳುವ ಕಲಮು ಆ ಅರ್ಜಿಯಲ್ಲಿಲ್ಲ.

ಬಾಗಿಲು ತೆಗೆಯಿರಿ ಎನ್ನುವವರ ಬಗ್ಗೆ ನನಗೆ ಗೌರವವಿದೆ. ಗುಜರಾತ್ ಹೈಕೋರ್ಟ್ 2011ರಲ್ಲಿ, ದೆಹಲಿ ಹೈಕೋರ್ಟ್ 2015ರಲ್ಲಿ ಹಕ್ಕಿಗೆ ಆಕಾಶದಲ್ಲಿ ಹಾರುವ ಹಕ್ಕಿದೆ ಎಂದು ಹೇಳಿದಾಗ ಆ ಮಾತು ನನ್ನೊಳಗೂ ನಾಟಿತ್ತು. ಆದರೆ ಹತ್ತು ತಲೆಮಾರು ಪಂಜರದಲ್ಲೇ ಹುಟ್ಟಿದ ಕಾಕಟೀಲನ್ನು ತುಮಕೂರಿನ ತಾರಸಿಯಿಂದ ಹಾರಿಬಿಟ್ಟರೆ ಅದು ಸ್ವಾತಂತ್ರ್ಯವಲ್ಲ. ನಮ್ಮಲ್ಲೊಮ್ಮೆ ಜಾಲರಿ ಹರಿದು ಎರಡು ತಪ್ಪಿಸಿಕೊಂಡವು. ಒಂದನ್ನು ಅರ್ಧ ಗಂಟೆಯೊಳಗೆ ಕಾಗೆಗಳು ನೀರಿನ ಟ್ಯಾಂಕಿನ ಮೇಲೆ ಕೆಡವಿದವು. ಇನ್ನೊಂದು ಎರಡು ಬೀದಿಯಾಚೆ ಒಬ್ಬರ ಮನೆಯ ಕಿಟಕಿಗೆ ತಾನಾಗಿಯೇ ಬಂದು ಕೂತಿತ್ತು, ಹಸಿದು. ಮೇವು ಹುಡುಕುವುದು, ಗಿಡುಗನ ನೆರಳು ಗುರುತಿಸುವುದು, ಗುಂಪಿನ ಜೊತೆ ತಿರುಗುವುದು, ಇವನ್ನೆಲ್ಲ ಹಕ್ಕಿ ಕಲಿಯಬೇಕು. ಕಲಿಸುವವರಿಲ್ಲದೆ ಬೆಳೆದದ್ದಕ್ಕೆ ಬಾಗಿಲು ತೆಗೆದರೆ ನಾವು ಕೈ ತೊಳೆದುಕೊಂಡಂತೆ ಮಾತ್ರ. ಬದುಕಿ ಉಳಿದರೆ ಅದು ಇನ್ನೊಂದು ತೊಂದರೆ. ನಮ್ಮ ಕೊರಳಪಟ್ಟಿಯ ಗಿಳಿಯೇ ಪಂಜರಗಳಿಂದ ತಪ್ಪಿಸಿಕೊಂಡು ಇಂದು ಲಂಡನ್ನಿನ ಉದ್ಯಾನಗಳಲ್ಲಿ, ಆಮ್‌ಸ್ಟರ್‌ಡ್ಯಾಮಿನ ಮರಗಳಲ್ಲಿ ಸಾವಿರಗಟ್ಟಲೆಯಾಗಿದೆ. ಅಲ್ಲಿನ ಹಕ್ಕಿಗಳ ಪೊಟರೆಗಳಿಗೆ ಅದು ಪೈಪೋಟಿ. ಅಲ್ಲಿನವರು ಅದನ್ನು ಹೊರಗಿನಿಂದ ಬಂದ ಪೀಡೆ ಎನ್ನುತ್ತಾರೆ.

ಹಾಗಾಗಿ ಬಾಗಿಲು ತೆಗೆಯುವುದು ಬೇಡ, ಮಡಕೆ ಇಳಿಸುವುದು ಮುಖ್ಯ ಎನ್ನುತ್ತೇನೆ. ಇದನ್ನು ಬ್ರೀಡರ್ ಗೆಳೆಯರು ಒಪ್ಪುವುದಿಲ್ಲ. ಅವರ ವಾದಗಳನ್ನು ಹಗುರವಾಗಿ ತಳ್ಳಲಾರೆ. ಅವು ಇಪ್ಪತ್ತು ವರ್ಷ ನನ್ನವೂ ಆಗಿದ್ದವು.

ಪಂಜರದಲ್ಲಿ ಹುಟ್ಟಿದ ಹಕ್ಕಿಗೆ ಆಕಾಶ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೆ ಅದು ಅಳುವುದಿಲ್ಲ ಎಂಬುದು ಮೊದಲನೆಯದು. ಹೌದು, ಆಕಾಶ ಗೊತ್ತಿಲ್ಲದಿರಬಹುದು. ಆದರೆ ಜೊತೆ ಗೊತ್ತು. ಗಿಳಿ ಒಂಟಿ ಬಾಳುವ ಜೀವವಲ್ಲ. ನಾವು ಮರಿ ಮಾಡಿಸುವುದು ಯಾರಿಗಾಗಿ? ಬೆಂಗಳೂರಿನ ಅಪಾರ್ಟ್‌ಮೆಂಟಿನ ಮನೆಗೆ, ಹತ್ತನೇ ಹುಟ್ಟುಹಬ್ಬದ ಉಡುಗೊರೆಗೆ, ಭುಜದ ಮೇಲೆ ಕೂರುವ, ಮಾತಾಡುವ ಒಂದೇ ಒಂದು ಹಕ್ಕಿಗಾಗಿ. ಕೊಳ್ಳುವವರು ಜೋಡಿ ಕೇಳುವುದಿಲ್ಲ. ಜೋಡಿಯಿದ್ದರೆ ಅವೆರಡೂ ತಮ್ಮಲ್ಲೇ ಮಾತಾಡಿಕೊಂಡಿರುತ್ತವೆ, ಮನುಷ್ಯರ ಹತ್ತಿರ ಬರುವುದಿಲ್ಲ ಎಂದು ಮಾರುವವರೇ ಹೇಳಿಕೊಡುತ್ತಾರೆ. ಅಂದರೆ ಅದು ಒಂಟಿಯಾಗಿದ್ದರೆ ಮಾತ್ರ ನಮಗೆ ಬೇಕು. ಬೆಳಗ್ಗೆ ಒಂಬತ್ತಕ್ಕೆ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೊರಟ ಮೇಲೆ ಸಂಜೆ ಆರರವರೆಗೆ ಆ ಹಕ್ಕಿ ಬಾಲ್ಕನಿಯಲ್ಲಿ ಒಂದೇ. ಕೆಲವು ತಮ್ಮ ಎದೆಯ ಪುಕ್ಕವನ್ನು ತಾವೇ ಕಿತ್ತುಕೊಳ್ಳುತ್ತವೆ. ಎದೆ ಪೂರಾ ಬೋಳಾಗಿ ಕೆಂಪಾದ ಕಾನ್ಯೂರ್ ಗಿಳಿಯೊಂದನ್ನು ನನ್ನ ಬಳಿಗೆ ತಂದುಬಿಟ್ಟವರು ಚರ್ಮರೋಗವೆಂದು ತಿಳಿದಿದ್ದರು. ನಮ್ಮ ಹಕ್ಕಿಮನೆಯಲ್ಲಿ ಅದರದೇ ಜಾತಿಯ ಇನ್ನೊಂದರ ಪಕ್ಕ ಇಟ್ಟು ಎಂಟು ತಿಂಗಳಾದ ಮೇಲೆ ಪುಕ್ಕ ಬಂತು, ಪೂರ್ತಿ ಅಲ್ಲ.

ಆ ಒಂಟಿ ಹಕ್ಕಿಯನ್ನು ತಯಾರು ಮಾಡುವ ದಾರಿ ‘ಹ್ಯಾಂಡ್ ಫೀಡಿಂಗ್’, ಅಂದರೆ ಮರಿಗೆ ಕೈಯಾರೆ ತಿನ್ನಿಸುವುದು. ಈ ಮಾತನ್ನು ನಮ್ಮೊಳಗೆ ಯಾರೂ ಬಿಚ್ಚಿ ಆಡುವುದಿಲ್ಲ. ಭುಜದ ಮೇಲೆ ಕೂರುವ ಹಕ್ಕಿ ಬೇಕಾದರೆ ಮರಿ ತಾಯಿಯನ್ನು ಚೆನ್ನಾಗಿ ನೋಡುವ ಮೊದಲೇ ಎತ್ತಬೇಕು. ಎರಡು–ಮೂರು ವಾರದ ಮರಿ, ಮೈಮೇಲೆ ಪುಕ್ಕವಿಲ್ಲ, ಮುಳ್ಳಿನಂಥ ಮೊಳಕೆಗಳಷ್ಟೇ. ಅದನ್ನು ಬಲ್ಬಿನ ಪೆಟ್ಟಿಗೆಯಲ್ಲಿಟ್ಟು ಪುಡಿಯನ್ನು ಬಿಸಿನೀರಲ್ಲಿ ಕಲಸಿ ಸಿರಿಂಜಿನಲ್ಲಿ ಬಾಯಿಗೆ ಬಿಡುತ್ತಾರೆ. ಬಿಸಿ ಕೊಂಚ ಹೆಚ್ಚಾದರೂ ಕೊರಳಿನ ಮೇವಿನ ಚೀಲ ಒಳಗೇ ಸುಡುತ್ತದೆ, ಆಮೇಲೆ ತೂತಾಗಿ ತಿಂದದ್ದೆಲ್ಲ ಎದೆಯ ಮೇಲೆ ಸೋರುತ್ತದೆ. ತಣ್ಣಗಾದರೆ ಚೀಲದಲ್ಲೇ ಹುಳಿಯುತ್ತದೆ. ಸಿರಿಂಜ್ ಸ್ವಲ್ಪ ಓರೆಯಾದರೆ ಶ್ವಾಸಕೋಶಕ್ಕೆ ಇಳಿದು ಮರಿ ಕೈಯಲ್ಲೇ ಸಾಯುತ್ತದೆ. ಅನುಭವಿಗಳ ಕೈಯಲ್ಲೂ ಸಾಯುತ್ತವೆ. ಇನ್ನು ಕೆಲವರು, ಸಾಕಿ ದೊಡ್ಡದು ಮಾಡುವ ಖರ್ಚು ಉಳಿಸಲು, ತಾನಾಗಿ ತಿನ್ನಲು ಬಾರದ ಮರಿಯನ್ನೇ ಸಿರಿಂಜಿನ ಸಮೇತ ಕೊಳ್ಳುವವರ ಕೈಗಿಡುತ್ತಾರೆ. ನೀವೇ ತಿನ್ನಿಸಿದರೆ ನಿಮ್ಮನ್ನೇ ಅಮ್ಮ ಅಂದುಕೊಳ್ಳುತ್ತೆ ಎಂದು ಹೇಳುತ್ತಾರೆ. ಕೊಂಡವರು ಫೋನಿನಲ್ಲಿ ವಿಡಿಯೊ ನೋಡಿ ಕಲಿಯುತ್ತಾರೆ. ಮೂರನೇ ದಿನ ಮರಿ ಸತ್ತರೆ ಮನೆಯ ಮಗು ಎರಡು ದಿನ ಅಳುತ್ತದೆ. ಮನೆಯವರು ಇನ್ನೊಂದು ತರುತ್ತಾರೆ.

ಗೂಡಿನಿಂದ ಎತ್ತಿದ ಮರಿ ಕಳೆದುಕೊಳ್ಳುವುದು ತಾಯಿಯ ಬಿಸಿಯೊಂದನ್ನೇ ಅಲ್ಲ. ವೆನೆಜುವೆಲಾದ ಬಯಲುಗಳಲ್ಲಿ ಹಸಿರು ಬೆನ್ನಿನ ಪುಟ್ಟ ಗಿಳಿಗಳ ಗೂಡುಗಳಿಗೆ ಕ್ಯಾಮೆರಾ ಇಟ್ಟು ನೋಡಿದ ಕಾರ್ಲ್ ಬರ್ಗ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಕೆಲಸವನ್ನು ಓದಿದಂದಿನಿಂದ ನನಗೆ ಸಮಾಧಾನವಿಲ್ಲ. ಆ ಗಿಳಿಗಳಲ್ಲಿ ಪ್ರತಿ ಹಕ್ಕಿಗೂ ತನ್ನದೇ ಒಂದು ಕರೆಯಿದೆ, ನಮ್ಮ ಹೆಸರಿನಂತೆ. ಉಳಿದ ಹಕ್ಕಿಗಳು ಅದನ್ನು ಕರೆಯುವುದು ಆ ಸ್ವರದಿಂದಲೇ. ಮರಿಗೆ ಆ ಸ್ವರ ಸಿಗುವುದು ಗೂಡಿನೊಳಗೆ, ತಂದೆತಾಯಿಯಿಂದ, ರೆಕ್ಕೆ ಬರುವ ಮೊದಲು. ಗೂಡುಗಳ ನಡುವೆ ಮೊಟ್ಟೆಗಳನ್ನು ಅದಲು ಬದಲು ಮಾಡಿದಾಗ ಮರಿಗಳು ಸಾಕಿದವರ ಸ್ವರವನ್ನೇ ಹೋಲುವಂತೆ ಕಲಿತವು, ಹೆತ್ತವರದ್ದನ್ನಲ್ಲ. ಅಂದರೆ ಗಿಳಿಯ ಹೆಸರು ರಕ್ತದಲ್ಲಿ ಬರುವುದಿಲ್ಲ, ಬಾಯಿಂದ ಬಾಯಿಗೆ ಬರುತ್ತದೆ. ಎರಡನೇ ವಾರಕ್ಕೆ ನಾವು ಎತ್ತಿಟ್ಟ ಮರಿಗೆ ಯಾರ ಹೆಸರು? ನಾವು ‘ಮಿಟ್ಟು’ ಎನ್ನುತ್ತೇವೆ. ಅದು ‘ಮಿಟ್ಟು’ ಎಂದು ತಿರುಗಿ ಹೇಳಿದಾಗ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟುತ್ತೇವೆ.

ಆಫ್ರಿಕದ ಬೂದು ಗಿಳಿಯ ಬಗ್ಗೆಯೂ ಹೇಳಬೇಕು, ಏಕೆಂದರೆ ಇವತ್ತು ಬ್ರೀಡರ್‌ಗಳ ಕನಸಿನ ಹಕ್ಕಿ ಅದು. ಐರೀನ್ ಪೆಪ್ಪರ್‌ಬರ್ಗ್ ಎಂಬ ವಿಜ್ಞಾನಿ 1977ರಲ್ಲಿ ಶಿಕಾಗೊದ ಅಂಗಡಿಯೊಂದರಿಂದ ತಂದು ಮೂವತ್ತು ವರ್ಷ ಕಲಿಸಿದ ಅಲೆಕ್ಸ್, ವಸ್ತುಗಳನ್ನು ಬಣ್ಣದಿಂದ, ಆಕಾರದಿಂದ ಬೇರೆ ಮಾಡಿ ಹೇಳುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು. 2007ರಲ್ಲಿ ಅದು 31ನೇ ವಯಸ್ಸಿಗೆ ಸತ್ತಾಗ ಪತ್ರಿಕೆಗಳು ಸುದ್ದಿ ಬರೆದವು. ಆ ಬುದ್ಧಿಯೇ ಅದರ ಜಾತಿಗೆ ಮುಳುವಾಯಿತು. ಘಾನಾದ ಕಾಡುಗಳಲ್ಲಿ 1990ರ ದಶಕದಿಂದ ಈಚೆಗೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಬೂದು ಗಿಳಿಗಳು ಇಲ್ಲವಾದವು. ಕಾಡು ಕಡಿದದ್ದೂ ಕಾರಣ, ಬಲೆಯೂ ಕಾರಣ. 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಸೇರಿದ ಸೈಟಿಸ್ ದೇಶಗಳು ಅದನ್ನು ಮೊದಲನೇ ಪಟ್ಟಿಗೆ ಏರಿಸಬೇಕಾಯಿತು. ನಮ್ಮಲ್ಲಿ ಈಗ ಮರಿ ಹಾಕುತ್ತಿರುವ ಬೂದು ಗಿಳಿಗಳ ಅಜ್ಜ ಅಜ್ಜಿಯರು ಎಲ್ಲಿಂದ ಬಂದವರು? 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಸ್ವಯಂಘೋಷಣೆಗೆ ಅವಕಾಶ ಕೊಟ್ಟಾಗ ಆರು ತಿಂಗಳೊಳಗೆ ಹೇಳಿಕೊಂಡವರಿಂದ ದಾಖಲೆ ಕೇಳುವುದಿಲ್ಲ ಎಂದಿತು. ಆ ಪ್ರಶ್ನೆ ಅಲ್ಲಿಗೆ ಮುಚ್ಚಿಹೋಯಿತು.

ಇಲ್ಲಿ ನಾನು, ಹಕ್ಕಿ ಹಿಡಿದು ಬದುಕುತ್ತಿದ್ದ ಹಕ್ಕಿಪಿಕ್ಕಿ ಜನರನ್ನು ನೆನೆಯದೆ ಮುಂದೆ ಹೋಗಲಾರೆ. ಹೆಸರಲ್ಲೇ ಹಕ್ಕಿಯಿರುವ ಈ ಸಮುದಾಯದ ಬಲೆ 1972ರ ವನ್ಯಜೀವಿ ಕಾಯ್ದೆಯ ನಂತರ ಅಪರಾಧದ ಸಾಧನವಾಯಿತು. ಕಾಯ್ದೆ ಸರಿಯೇ. ಆದರೆ ಅವರಿಗೆ ಯಾರೂ ಆರು ತಿಂಗಳ ಗಡುವು ಕೊಡಲಿಲ್ಲ, ದಾಖಲೆ ಕೇಳುವುದಿಲ್ಲ ಎನ್ನಲಿಲ್ಲ. ಬದುಕು ಹುಡುಕಿಕೊಂಡು ಗಿಡಮೂಲಿಕೆ ಎಣ್ಣೆ ಹೊತ್ತು ಆಫ್ರಿಕದ ತನಕ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಗುಂಡಿನ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಬಹಳಷ್ಟು ಮಂದಿ ಅವರೇ ಆಗಿದ್ದರು. ಬಲೆ ಹಿಡಿದ ಬಡವನಿಗೊಂದು ನ್ಯಾಯ, ಲಕ್ಷಗಟ್ಟಲೆ ಬೆಲೆಯ ಮಕಾವ್ ಜೋಡಿ ಇಟ್ಟವನಿಗೊಂದು ನ್ಯಾಯ ಎಂದು ಅವರಿಗೆ ಅನಿಸಿದರೆ ನಮ್ಮಲ್ಲಿ ಉತ್ತರವಿಲ್ಲ.

ಬ್ರೀಡರ್‌ಗಳ ಗಟ್ಟಿಯಾದ ವಾದ ಇನ್ನೊಂದಿದೆ. ಪಂಜರದಲ್ಲಿ ಮರಿ ಮಾಡಿಸಿದ್ದರಿಂದಲೇ ಕೆಲವು ಜಾತಿಗಳು ಉಳಿದಿವೆ ಎನ್ನುತ್ತಾರೆ. ಬ್ರೆಜಿಲಿನ ನೀಲಿ ಸ್ಪಿಕ್ಸ್ ಮಕಾವ್‌ನ ಹೆಸರು ಹೇಳುತ್ತಾರೆ. ನಿಜ. ಆದರೆ ಕಥೆ ಪೂರ್ತಿ ಹೇಳಬೇಕು. ಆ ಹಕ್ಕಿ ಕಾಡಿನಿಂದ ಅಳಿಯಲು ನದಿದಂಡೆಯ ಮರಗಳು ಹೋದದ್ದು ಒಂದು ಕಾರಣವಾದರೆ, ಅಪರೂಪದ್ದನ್ನು ಸಂಗ್ರಹಿಸುವ ಸಾಕಣೆಗಾರರ ಆಸೆ ಇನ್ನೊಂದು. ಕೊನೆಗೆ ಒಂದೇ ಒಂದು ಗಂಡು ಉಳಿಯಿತು. ಸ್ವಜಾತಿಯ ಜೊತೆಯಿಲ್ಲದೆ ಬೇರೆ ಜಾತಿಯ ಮಕಾವ್ ಜೊತೆ ತಿರುಗುತ್ತಿತ್ತು. 1995ರಲ್ಲಿ ಪಂಜರದ ಒಂದು ಹೆಣ್ಣನ್ನು ಅದರ ಬಳಿ ಬಿಟ್ಟರು, ಎರಡು ತಿಂಗಳೊಳಗೆ ಅದು ಕಾಣೆಯಾಯಿತು. 2000ದಲ್ಲಿ ಆ ಗಂಡೂ ಕಾಣಲಿಲ್ಲ. ಜಗತ್ತಿನ ಪಂಜರಗಳಲ್ಲಿ ಉಳಿದ ಕೆಲವೇ ಹಕ್ಕಿಗಳ ವಂಶಾವಳಿ ಬರೆದು, ಯಾವುದಕ್ಕೆ ಯಾವುದು ಎಂದು ಲೆಕ್ಕ ಹಾಕಿ, ಎರಡು ದಶಕ ದುಡಿದು 2022ರಲ್ಲಿ ಬಾಹಿಯಾ ರಾಜ್ಯದ ಕುರಾಸಾ ಬಳಿ ಮತ್ತೆ ಕಾಡಿಗೆ ಬಿಟ್ಟರು. ನಮ್ಮ ತಾರಸಿಗಳಲ್ಲಿ ನಡೆಯುವುದಕ್ಕೂ ಅದಕ್ಕೂ ಏನು ಸಂಬಂಧ? ನಾವು ಬಣ್ಣಕ್ಕಾಗಿ ಅಣ್ಣತಂಗಿಯನ್ನೇ ಜೋಡಿ ಮಾಡುತ್ತೇವೆ. ಹಳದಿ ಲುಟಿನೊ, ಬಿಳಿ ಅಲ್ಬಿನೊ, ನೀಲಿ, ಬೂದು. ಹೊಸ ಮ್ಯುಟೇಶನ್ ಬಂದರೆ ಬೆಲೆ ಹೆಚ್ಚು. ನಮ್ಮ ಮರಿಗಳಲ್ಲಿ ಒಂದೂ ಆಸ್ಟ್ರೇಲಿಯಾಕ್ಕಾಗಲಿ ಕಾಂಗೊಗಾಗಲಿ ಮರಳುವುದಿಲ್ಲ.

ಈ ಬಣ್ಣಗಳ ನೆಪದಲ್ಲಿ ಇನ್ನೊಂದು ಕಿಂಡಿ ತೆರೆದಿದೆ. ನೀಲಿ ‘ರಿಂಗ್‌ನೆಕ್’, ಹಳದಿ ‘ರಿಂಗ್‌ನೆಕ್’ ಎಂದು ಮಾರುವುದು ನಮ್ಮ ಊರಿನ ಹುಣಸೆ ಮರದಲ್ಲಿ ಕೂಗುವ ಕೊರಳಪಟ್ಟಿಯ ಗಿಳಿಯೇ. ಇದು ಕಾಡಿನ ಹಕ್ಕಿಯಲ್ಲ, ಬಣ್ಣವೇ ಬೇರೆ ಎಂಬ ಸಮರ್ಥನೆಯನ್ನು ಎಷ್ಟೋ ಸಲ ಕೇಳಿದ್ದೇನೆ. ಬಣ್ಣ ಬದಲಾದರೆ ಪ್ರಭೇದ ಬದಲಾಗುವುದಿಲ್ಲ; ಕಾಯ್ದೆ ಕಾಪಾಡುವುದು ಪ್ರಭೇದವನ್ನು. ನೀಲಿಗೆ ಸಲುಗೆ ಕೊಟ್ಟರೆ ಅದರ ಮರೆಯಲ್ಲಿ ಹಸಿರೂ ಪೇಟೆಗೆ ಬರುತ್ತದೆ.

ಹಸಿರು ಬರುವುದು ಹೇಗೆಂದು ಹಳ್ಳಿಯವರಿಗೆಲ್ಲ ಗೊತ್ತು. ಜನವರಿಯಿಂದ ಏಪ್ರಿಲ್‌ವರೆಗೆ ತೆಂಗಿನ ಮೋಟುಗಳಲ್ಲಿ, ಬೂರುಗದ ಪೊಟರೆಗಳಲ್ಲಿ ಮರಿಗಳಿರುವ ಕಾಲ. ಹುಡುಗರನ್ನು ಮರ ಹತ್ತಿಸುತ್ತಾರೆ, ಪೊಟರೆಯ ಬಾಯಿಯನ್ನು ಮಚ್ಚಿನಿಂದ ಅಗಲ ಮಾಡುತ್ತಾರೆ. ಹಾಗೆ ಒಡೆದ ಪೊಟರೆಗೆ ಮರುವರ್ಷ ಗಿಳಿ ಬರುವುದಿಲ್ಲ. ಬುಟ್ಟಿಯಲ್ಲಿ ತುಂಬಿದ ಮರಿಗಳಲ್ಲಿ ಪೇಟೆ ತಲುಪುವಷ್ಟರಲ್ಲಿ ಎಷ್ಟೋ ಸಾಯುತ್ತವೆ. ಭಾರತದ ಹಕ್ಕಿಗಳ ವ್ಯಾಪಾರಕ್ಕೆ 1990–91ರಿಂದ ನಿಷೇಧವಿದೆ. ಈಗ ಗಿಳಿ ಎರಡನೇ ಅನುಸೂಚಿಯಲ್ಲಿದೆ, ಜೈಲಾಗುವ ಅಪರಾಧ. ಆದರೂ ಗಿಳಿಶಾಸ್ತ್ರದವರ ಪೆಟ್ಟಿಗೆಯಲ್ಲಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಎಷ್ಟೋ ಮನೆಗಳ ಜಗಲಿಯಲ್ಲಿ ಹಸಿರು ಗಿಳಿ ಕೂತೇ ಇದೆ. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರು ಧರಿಸುವುದು ಅಪರಾಧವೆಂಬ ಗಲಾಟೆಯೆದ್ದು ರಾಜ್ಯಕ್ಕೆ ರಾಜ್ಯವೇ ಕೊರಳ ಸರ ಮುಟ್ಟಿ ನೋಡಿಕೊಂಡಿತು. ಸತ್ತ ಹುಲಿಯ ಉಗುರಿಗೆ ಅಷ್ಟು ಹೆದರಿದವರು, ಅದೇ ಕಾಯ್ದೆ ಕಾಪಾಡುವ ಜೀವಂತ ಗಿಳಿಗೆ ಅದೇ ಮನೆಯಲ್ಲಿ ಮೆಣಸಿನಕಾಯಿ ತಿನ್ನಿಸುತ್ತಿದ್ದರು.

ನಮಗೆ ಇದು ಗೊತ್ತಿಲ್ಲದ ಕಥೆಯೂ ಅಲ್ಲ. ಬಾಣನ ಕಾದಂಬರಿಯನ್ನು ನಾಗವರ್ಮ ಕನ್ನಡಕ್ಕೆ ತಂದು ಸುಮಾರು ಸಾವಿರ ವರ್ಷವಾಯಿತು. ಅದರಲ್ಲಿ ಕಥೆ ಹೇಳುವುದೇ ಗಿಳಿ. ಬೂರುಗದ ಮರದ ಪೊಟರೆಗೆ ಮುದಿ ಬೇಡನೊಬ್ಬ ಕೈ ಹಾಕುತ್ತಾನೆ, ಮುಪ್ಪಿನ ತಂದೆ ಗಿಳಿ ಮರಿಯನ್ನು ರೆಕ್ಕೆಯಡಿ ಮುಚ್ಚಿಕೊಳ್ಳುತ್ತದೆ, ಬೇಡ ತಂದೆಯ ಕತ್ತು ಹಿಸುಕಿ ಕೆಳಗೆಸೆಯುತ್ತಾನೆ, ಒಣ ಎಲೆಗಳ ಮೇಲೆ ಬಿದ್ದ ಮರಿ ಬದುಕುತ್ತದೆ. ಆಮೇಲೆ ಪಂಜರದಲ್ಲಿ ರಾಜನ ಆಸ್ಥಾನಕ್ಕೆ ಬಂದು ಶಾಸ್ತ್ರ ಮಾತಾಡುವ ಗಿಳಿ ಅದೇ. ನಾವು ನೆನಪಿಟ್ಟುಕೊಂಡದ್ದು ಆಸ್ಥಾನದ ಜಾಣ ಗಿಳಿಯನ್ನು. ಅದರ ಬಾಯಿಂದಲೇ ಬಂದ ಪೊಟರೆಯ ಮಾತನ್ನು ಮರೆತೆವು.

ಕಾಯ್ದೆಗಳ ವಿಷಯಕ್ಕೆ ಮರಳುವುದಾದರೆ, ಪಂಜರ ತೀರಾ ಚಿಕ್ಕದಾಗಿದ್ದರೆ ಅದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಅರವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಬರೆದದ್ದು, ಇನ್ನೂ ಹಾಗೇ ಇದೆ. ಅರ್ಧ ಕಿಲೊ ನವಣೆಯ ಬೆಲೆಗೆ ಒಂದು ಹಕ್ಕಿಯ ಇಡೀ ಬದುಕು. ಅದನ್ನು ಮೊದಲು ಬದಲಿಸಬೇಕು. ತಾನಾಗಿ ತಿನ್ನಲು ಬಾರದ ಮರಿಯ ಮಾರಾಟ ಶಿಕ್ಷಾರ್ಹವಾಗಬೇಕು. ಪಟ್ಟಿಯಿಂದ ಹೊರಗಿರುವ ಮೂರು ಹಕ್ಕಿಗಳೂ ಸೇರಿದಂತೆ ಮಾರುವ ಪ್ರತಿ ಗಿಳಿಯ ಕಾಲಿಗೂ ಮುಚ್ಚಿದ ಉಂಗುರ ಕಡ್ಡಾಯವಾಗಬೇಕು. ಈ ಉಂಗುರಕ್ಕೆ ಬೆಸುಗೆಯಿಲ್ಲ, ಕೀಲಿಲ್ಲ. ಮರಿ ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಪಾದ ಚಿಕ್ಕದಿರುವಾಗ ಮಾತ್ರ ತೂರಿಸಲು ಬರುತ್ತದೆ. ಬೆಳೆದ ಹಕ್ಕಿಗೆ ಹಾಕಲಾಗದು. ಹಾಗಾಗಿ ಹಿಡಿದು ತಂದ ದೊಡ್ಡ ಹಕ್ಕಿ ಯಾವುದು, ಪಂಜರದಲ್ಲಿ ಹುಟ್ಟಿದ್ದು ಯಾವುದು ಎಂದು ಅಧಿಕಾರಿಗೆ ಕಣ್ಣಿಗೇ ಕಾಣುತ್ತದೆ. ಉಂಗುರ ಹಾಕಿ ಲೆಕ್ಕ ಇಡುವ ಬ್ರೀಡರ್‌ಗಳೂ ನಮ್ಮಲ್ಲಿದ್ದಾರೆ. ಕಡ್ಡಾಯವಾದರೆ ತೊಂದರೆಯಾಗುವುದು ಅವರಿಗಲ್ಲ.

ಇದೆಲ್ಲ ಸರ್ಕಾರಕ್ಕೆ. ನಮಗೆ ಇರುವ ಕೆಲಸ ಇನ್ನೂ ಸರಳ, ಯಾವ ಆದೇಶಕ್ಕೂ ಕಾಯಬೇಕಿಲ್ಲ. ನನ್ನ ಮನಸ್ಸು ತಿರುಗಿದ್ದು ಒಂದು ನೋಟ್‌ಬುಕ್ಕಿನಿಂದ. ಯಾವ ಮರಿ ಯಾರಿಗೆ ಕೊಟ್ಟೆ ಎಂದು ಬರೆದಿಡುವ ಅಭ್ಯಾಸವಿತ್ತು. ಒಂದು ಮಳೆಗಾಲದ ಬಿಡುವಿನಲ್ಲಿ ಆ ಹೆಸರುಗಳಿಗೆಲ್ಲ ಫೋನ್ ಮಾಡಿದೆ. ಬೆಕ್ಕು ಹಿಡಿಯಿತು ಎಂದರು ಒಬ್ಬರು. ನಾನ್‌ಸ್ಟಿಕ್ ಬಾಣಲೆ ಒಲೆಯ ಮೇಲೆ ಕಾದು ಹೊಗೆಯಾಡಿದ ದಿನ ಅಡುಗೆಮನೆಯ ಪಂಜರದಲ್ಲಿದ್ದ ಎರಡೂ ಒಟ್ಟಿಗೆ ಬಿದ್ದವು ಎಂದರು ಇನ್ನೊಬ್ಬರು. ಆ ಹೊಗೆ ಹಕ್ಕಿಗೆ ವಿಷವೆಂದು ಕೊಡುವಾಗ ನಾನೂ ಹೇಳಿರಲಿಲ್ಲ. ಬರೀ ಸೂರ್ಯಕಾಂತಿ ಬೀಜ ತಿನ್ನಿಸಿ ಯಕೃತ್ತಿಗೆ ಕೊಬ್ಬು ಕೂತು ಹೋದದ್ದು ಕೆಲವು. ಬೇಜಾರಾಗಿ ಬೇರೆಯವರಿಗೆ ಕೊಟ್ಟೆವು, ಅವರ ನಂಬರ್ ಇಲ್ಲ ಎಂದವರು ಬಹಳ. ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಎರಡು ವರ್ಷವೂ ಬದುಕಿರಲಿಲ್ಲ. ಅವರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಪ್ರೀತಿಯಿಂದ ಒಯ್ದವರೇ. ಅಷ್ಟೊಂದು ಮರಿಗಳನ್ನು ಹುಟ್ಟಿಸಿ ಆ ಪ್ರೀತಿಯ ಪಾಲು ಮಾಡಿದವನು ನಾನು.

ಮಡಕೆ ಇಳಿಸಲು ಮನಸ್ಸು ಮಾಡುವವರಿಗೆ ಕಲಿತದ್ದನ್ನು ಹೇಳುತ್ತೇನೆ. ಮೊಟ್ಟೆ ಅಥವಾ ಮರಿ ಇರುವಾಗ ಇಳಿಸಬೇಡಿ. ಆ ಸರದಿ ಮುಗಿಯಲಿ. ಮೊಳಕೆ ಕಾಳು, ಮೊಟ್ಟೆಯ ಆಹಾರದಂಥ ಮೆತ್ತನೆಯ ಮೇವು ಕಡಿಮೆ ಮಾಡಿ, ನುಗ್ಗೆಸೊಪ್ಪು, ಸೀಬೆ, ನವಣೆ ತೆನೆ ಇರಲಿ. ಸಂಜೆ ದೀಪ ಬೇಗ ಆರಿಸಿ. ಮಡಕೆಯಿಲ್ಲದಿದ್ದರೂ ಕಾಕಟೀಲ್ ಹೆಣ್ಣು ಕೆಲವೊಮ್ಮೆ ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ. ಆಗ ಮೊಟ್ಟೆ ಎತ್ತಿ ಎಸೆಯಬೇಡಿ. ಕಳೆದುಹೋಯಿತೆಂದು ಅದು ಇನ್ನಷ್ಟು ಇಡುತ್ತದೆ. ಬೇಯಿಸಿ, ಆರಿಸಿ, ಅಲ್ಲೇ ಮರಳಿ ಇಡಿ. ಕೂತು ಕೂತು ಬೇಸರವಾಗಿ ತಾನೇ ಬಿಟ್ಟೇಳುತ್ತದೆ.

ಇದು ಹಕ್ಕಿಗೆ ನೋವಿಲ್ಲದ ಕೆಲಸ ಎಂದು ಸುಳ್ಳು ಹೇಳಲಾರೆ. ಕಾಕಟೀಲ್‌ಗಳಲ್ಲಿ ಕಾವಿಗೆ ಪಾಳಿಯಿದೆ: ಹಗಲು ಗಂಡು, ರಾತ್ರಿ ಹೆಣ್ಣು. ಪೆಟ್ಟಿಗೆ ಇಳಿಸಿದ ಮೇಲೆ ನಮ್ಮ ಹಳೆಯ ಗಂಡೊಂದು ಮೂರು ನಾಲ್ಕು ವಾರ ಪ್ರತಿ ಬೆಳಗ್ಗೆ ತನ್ನ ಪಾಳಿಯ ಹೊತ್ತಿಗೆ ಸರಿಯಾಗಿ ಆ ಜಾಗದ ಜಾಲರಿ ಹಿಡಿದು ಕೂರುತ್ತಿತ್ತು. ಅಲ್ಲಿ ಏನೂ ಇರಲಿಲ್ಲ, ಮೊಳೆಯ ಗುರುತು ಮಾತ್ರ. ನಂತರ ನಿಧಾನವಾಗಿ ಬರುವುದು ಬಿಟ್ಟು, ಹೆಣ್ಣಿನ ಪಕ್ಕ ಮೇಲಿನ ಕೊಂಬೆಯಲ್ಲಿ ಕೂತು ಅದರ ತಲೆಯ ಪುಕ್ಕ ಸವರುವುದನ್ನು ಹಿಡಿಯಿತು. ಈಗಲೂ ಹಾಗೇ ಕೂರುತ್ತವೆ.

ಮೂರು ವರ್ಷದಲ್ಲಿ ನಮ್ಮ ಬಡ್ಜಿಗಳು ಅರ್ಧಕ್ಕಿಳಿದಿವೆ, ವಯಸ್ಸಾಗಿ ಹೋದವು. ಮರಿ ಕೇಳಿ ಬರುವವರಿಗೆ ಇಲ್ಲ ಎನ್ನುತ್ತೇನೆ, ಬಂದು ಕೂತು ನೋಡಿಕೊಂಡು ಹೋಗಿ ಎನ್ನುತ್ತೇನೆ. ಕಾಕಟೀಲ್ ಹದಿನೈದು ಇಪ್ಪತ್ತು ವರ್ಷ ಬದುಕುವ ಹಕ್ಕಿ, ನನಗೀಗ 61. ನನ್ನ ನಂತರ ಅವನ್ನು ಜೋಡಿ ಬಿಡಿಸದೆ ಇಟ್ಟುಕೊಳ್ಳಲು ತಂಗಿಯ ಮಗ ಒಪ್ಪಿದ್ದಾನೆ. ಭಾನುವಾರಗಳಲ್ಲಿ ಬಂದು ನೀರಿನ ಬಟ್ಟಲು ತೊಳೆಯುವುದನ್ನು, ಉಗುರು ಕತ್ತರಿಸುವುದನ್ನು ಕಲಿಯುತ್ತಿದ್ದಾನೆ.